ಮೈಸೂರಿನ ಹಳೆಯ ಜಾವಾ, ಯೆಜ್ಡಿ ಗಾಡಿಗಳ ಕರೆಂಟಿನ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರ ನಡುವೆ ಹೊರಬಂದ ಟೂ ಸ್ಟ್ರೋಕ್ ಗಾಡಿಗಳಲ್ಲಿ 6 ವೋಲ್ಟ್ ಡೈನಮೋ, ಪಾಯಿಂಟ್ ಮತ್ತು ಒಂದೇ ಕಾಯಿಲ್ ಇರುವವುಗಳಿಗೆ ಈ ಉತ್ತರಗಳು. ಡೈನಮೋ ಅಂದರೆ ಎಂಜಿನ್ ತಿರುಗಿಸಿದಾಗ ಕರೆಂಟು ಹುಟ್ಟಿಸುವ ಯಂತ್ರ, ಕಾಯಿಲ್ ಅಂದರೆ ಪ್ಲಗ್ಗಿನ ಸ್ಪಾರ್ಕಿಗಾಗಿ ವೋಲ್ಟ್ ಏರಿಸುವ ಸುತ್ತು, ಪಾಯಿಂಟ್ ಅಂದರೆ ಆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್ಚು. ಅದೇ ಹೆಸರಿನಲ್ಲಿ ಈಚೆಗೆ ಬಂದ ಫೋರ್ ಸ್ಟ್ರೋಕ್ ಗಾಡಿಗಳ ವೈರಿಂಗೇ ಬೇರೆ.

## ಶುರು ಮಾಡುವ ಮುಂಚೆ

ರಿಪೇರಿಗೆ ಕೂರೋಕೆ ಏನೇನು ಸಾಮಾನು ಬೇಕು?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸಂದು ಅಳೆಯುವ ಫಿಲ್ಲರ್ ಗೇಜ್, ಪಾಯಿಂಟ್ ಉಜ್ಜುವ ತೆಳು ಅರ, ಪೆಟ್ರೋಲ್, ಬಟ್ಟೆ. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಟೆಸ್ಟ್ ಲ್ಯಾಂಪ್. 6 ವೋಲ್ಟಿನ 3 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಮೊಸಳೆ ಕ್ಲಿಪ್ ಕೂರಿಸಿದರೆ ಅದು ತಯಾರು. ಇಂಥದ್ದೇ ಇನ್ನೊಂದನ್ನು 21 ವ್ಯಾಟ್ ಬಲ್ಬಿನಲ್ಲಿ ಮಾಡಿಟ್ಟುಕೊಳ್ಳಿ. ಮೀಟರ್ ಕೆಲವೊಮ್ಮೆ ಮೋಸ ಮಾಡುತ್ತದೆ. ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರಿನಲ್ಲೂ ಅದು ಪೂರ್ತಿ 6 ವೋಲ್ಟ್ ತೋರಿಸಬಹುದು. ಅದೇ ವೈರಿಗೆ 21 ವ್ಯಾಟ್ ಬಲ್ಬ್ ಹಾಕಿ ನೋಡಿ, ಸುಳ್ಳು ತಕ್ಷಣ ಬಯಲಾಗುತ್ತದೆ.

6 ವೋಲ್ಟ್ ಸಿಸ್ಟಮ್ ಅಂದ್ರೆ ಹುಟ್ಟಿದಾಗಿಂದಲೇ ವೀಕು ಅಂತಾರಲ್ಲ, ನಿಜಾನಾ?

ವೀಕಲ್ಲ, ಆದರೆ ಸಡಿಲ ಜಾಯಿಂಟನ್ನು ಅದು ಸಹಿಸುವುದಿಲ್ಲ. ಅಷ್ಟೇ ವ್ಯಾಟ್ ಬೇಕೆಂದರೆ 12 ವೋಲ್ಟಿಗಿಂತ ಎರಡು ಪಟ್ಟು ಆಂಪ್ ಹರಿಯಬೇಕು, ಹಾಗಾಗಿ ಒಂದೇ ತುಕ್ಕು ಹಿಡಿದ ಜಾಯಿಂಟಿನಲ್ಲಿ ಎರಡು ಪಟ್ಟು ವೋಲ್ಟ್ ಕಳೆದುಹೋಗುತ್ತದೆ. 12ರಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗದು. 6ರಲ್ಲಿ ಒಂದು ವೋಲ್ಟ್ ಹೋದರೆ ಹೆಡ್‌ಲೈಟಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈ ಗಾಡಿಗಳಲ್ಲಿ ಕಾಯಿಲ್ಲು, ಡೈನಮೋ ಕೆಡುವುದು ಅಪರೂಪ. ಕೆಡುವುದು ಅವುಗಳ ನಡುವಿನ ಜಾಯಿಂಟು. ಅಳೆದು ನೋಡದೆ ಯಾವ ಸ್ಪೇರ್ ಪಾರ್ಟನ್ನೂ ಕೊಳ್ಳಬೇಡಿ. ಈಗ ಸಿಗುವ ಹೊಸ ಸ್ಪೇರುಗಳಲ್ಲಿ ಎಷ್ಟೋ, ನೀವು ಬಿಚ್ಚಿಟ್ಟ ಹಳೆಯದಕ್ಕಿಂತ ಕಳಪೆಯಾಗಿರುತ್ತವೆ.

ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಬೇಕು, ಪ್ಲಸ್ಸಾ ಮೈನಸ್ಸಾ?

ನಿಮ್ಮ ಗಾಡಿಯಲ್ಲಿ ಈಗ ಯಾವುದು ಹೋಗಿದೆಯೋ ಅದನ್ನು ನೋಡಿ ಬರೆದಿಟ್ಟುಕೊಳ್ಳಿ. ಮೂವತ್ತು, ನಲವತ್ತು ವರ್ಷದಲ್ಲಿ ಎಷ್ಟು ಕೈ ದಾಟಿದ ಗಾಡಿಯೋ, ಊಹೆ ಮಾಡಿ ಕೂರಿಸಬೇಡಿ. ತಿರುಗಾಮುರುಗಾ ಆದರೆ ಡೈನಮೋ ಮತ್ತು ಬ್ಯಾಟರಿ ಎದುರುಬದುರಾಗಿ, ಕಟೌಟಿನ (ಡೈನಮೋವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ, ವೋಲ್ಟನ್ನು ಹಿಡಿತದಲ್ಲಿಡುವ ಡಬ್ಬಿ) ಪಾಯಿಂಟುಗಳು ಕಿಡಿ ಹಾರಿಸಿ ಅಂಟಿಕೊಳ್ಳುತ್ತವೆ. ಮುಂದಿನ ಉತ್ತರಗಳಲ್ಲಿ ಮೈನಸ್ ಅರ್ತ್, ಅಂದರೆ ಮೈನಸ್ ತುದಿ ಬಾಡಿಗೆ ಸೇರಿದೆ ಎಂದು ಹಿಡಿದು ಹೇಳಿದೆ. ನಿಮ್ಮದು ಉಲ್ಟಾ ಇದ್ದರೆ ಬ್ಯಾಟರಿಯ ಮೈನಸ್ ಎಂದಲ್ಲಿ ಪ್ಲಸ್, ಪ್ಲಸ್ ಎಂದಲ್ಲಿ ಮೈನಸ್ ಎಂದು ಓದಿಕೊಂಡು, ಮೀಟರಿನ ಕಡ್ಡಿಗಳನ್ನೂ ಅದಲುಬದಲು ಮಾಡಿಕೊಳ್ಳಿ.

ಬ್ಯಾಟರಿ ಚೆನ್ನಾಗಿದೆಯೋ ಇಲ್ವೋ ಹೇಗೆ ಹೇಳೋದು?

ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಅಳೆಯಿರಿ. 6.3ರಿಂದ 6.4 ವೋಲ್ಟ್ ಇದ್ದರೆ ತುಂಬಿದೆ, 6.1 ಅಂದರೆ ಅರ್ಧ, 5.9ಕ್ಕೆ ಬಂದರೆ ಖಾಲಿ. ಆಮೇಲೆ ಹೆಡ್‌ಲೈಟ್ ಹಾಕಿ ಒಂದು ನಿಮಿಷ ನೋಡಿ. 5.8ಕ್ಕಿಂತ ಕೆಳಗೆ ಜಾರುತ್ತಲೇ ಹೋದರೆ ಬ್ಯಾಟರಿಯ ಕಥೆ ಮುಗಿದಂತೆ. 4 ವೋಲ್ಟಿನ ಹತ್ತಿರ ನಿಂತರೆ ಮೂರು ಸೆಲ್ಲಿನಲ್ಲಿ ಒಂದು ಸತ್ತಿದೆ.

ಚಾರ್ಜಿಂಗ್ ಕರೆಂಟು ಆಂಪ್ ಅವರ್‌ನ ಹತ್ತನೇ ಒಂದು ಭಾಗವಿರಲಿ, 12 ಆಂಪ್ ಅವರ್ ಬ್ಯಾಟರಿಗೆ 1.2 ಆಂಪ್. ಕಾರಿನ 12 ವೋಲ್ಟ್ ಚಾರ್ಜರನ್ನು "ಸ್ವಲ್ಪ ಹೊತ್ತು ತಾನೇ" ಎಂದು ಕೊಡಬೇಡಿ. ಆಸಿಡ್ ಕುದಿದು ಪ್ಲೇಟು ಬಾಗುತ್ತದೆ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಪೂರ್ತಿ ಪೇಂಟ್ ಮಾಡಿಸಿ ಜೋಡಿಸಿದ್ದೀನಿ. ಮುಂಚೆ ಸರಿಯಾಗಿದ್ದದ್ದು ಈಗ ಯಾವುದೂ ಸರಿಯಾಗಿ ಕೆಲಸ ಮಾಡ್ತಿಲ್ಲ!

ಪೇಂಟೇ ಕಾರಣ, ಅದರಲ್ಲೂ ಪೌಡರ್ ಕೋಟಿಂಗ್. ಈ ಗಾಡಿಯಲ್ಲಿ ಕರೆಂಟು ವಾಪಸ್ ಬರುವ ದಾರಿ ಫ್ರೇಮು. ಬೋಲ್ಟ್ ಕೂರುವ ಜಾಗಕ್ಕೆಲ್ಲ ಬಣ್ಣ ಬಳಿದರೆ ಆ ದಾರಿ ಮುಚ್ಚಿಹೋಗುತ್ತದೆ. ಬ್ಯಾಟರಿ ಅರ್ತ್ ಬೋಲ್ಟ್, ಎಂಜಿನ್ ಕೂರುವ ಬೋಲ್ಟ್, ಕಟೌಟ್ ಕೂರುವ ಜಾಗ, ಟೈಲ್ ಲ್ಯಾಂಪ್ ಮಡ್‌ಗಾರ್ಡಿಗೆ ಕೂರುವ ಜಾಗ, ಈ ನಾಲ್ಕರಲ್ಲೂ ಒಂದು ವಾಷರಿನಷ್ಟು ಅಗಲಕ್ಕೆ ಕಬ್ಬಿಣ ಹೊಳೆಯುವಂತೆ ಕೆರೆದು, ವ್ಯಾಸಲಿನ್ ಸವರಿ ಬಿಗಿಯಿರಿ. ಅದರ ಮೇಲೆ ಬ್ಯಾಟರಿ ಮೈನಸ್‌ನಿಂದ ನೇರವಾಗಿ ಎಂಜಿನ್ ಕೇಸಿಗೆ 2.5 ಚದರ ಮಿ.ಮೀ. ವೈರೊಂದನ್ನು ಎಳೆಯಿರಿ. ಅದು ಸರಿಯಿದೆಯೇ ಎಂದು ನೋಡಲು ಎಲ್ಲ ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಕೇಸಿಗೂ ಇನ್ನೊಂದನ್ನು ಬ್ಯಾಟರಿ ಮೈನಸ್ಸಿಗೂ ಇಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು.

## ಸ್ಟಾರ್ಟ್ ಆಗದಿದ್ದರೆ, ನಡುದಾರಿಯಲ್ಲಿ ನಿಂತರೆ

ಕಿಕ್ ಹೊಡೆದೂ ಹೊಡೆದೂ ಸಾಕಾಯ್ತು, ಪ್ಲಗ್ಗಿನಲ್ಲಿ ಸ್ಪಾರ್ಕೇ ಇಲ್ಲ. ಎಲ್ಲಿಂದ ಹುಡುಕಲಿ?

ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ಟರ್ಮಿನಲ್ ಇದೆಯಲ್ಲ, ಅಲ್ಲಿಂದ. ಅದಕ್ಕೂ ಎಂಜಿನ್ ಕೇಸಿಗೂ ನಡುವೆ 3 ವ್ಯಾಟ್ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ, ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ. ಪಾಯಿಂಟ್ ಬಿಟ್ಟಾಗ ಲ್ಯಾಂಪ್ ಹತ್ತಬೇಕು, ಕೂಡಿದಾಗ ಆರಬೇಕು.

ಹತ್ತಿ ಆರುತ್ತಿದ್ದರೆ ಪಾಯಿಂಟಿನವರೆಗೆ ಎಲ್ಲ ಸರಿ. ಕಂಡೆನ್ಸರ್ (ಪಾಯಿಂಟ್ ಬಿಡುವಾಗ ಕಿಡಿ ಹೆಚ್ಚು ಹಾರದಂತೆ ತಡೆಯುವ ಸಣ್ಣ ಡಬ್ಬಿ), ಕಾಯಿಲ್‌ನ ಹೈಟೆನ್ಷನ್ ಭಾಗ (ಪ್ಲಗ್ಗಿಗೆ ಹೋಗುವ ಹೆಚ್ಚು ವೋಲ್ಟಿನ ಕಡೆ), ಪ್ಲಗ್ ಕ್ಯಾಪ್, ಪ್ಲಗ್ ಈ ಕಡೆ ನೋಡಿ. ಸದಾ ಹತ್ತಿಯೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ಕೂಡಿದರೂ ನಡುವೆ ಎಣ್ಣೆ ಅಥವಾ ಕಿಲುಬು ಇದೆ. ಸದಾ ಆರಿಯೇ ಇದ್ದರೆ ಪಾಯಿಂಟಿಗೆ ಹೋಗುವ ವೈರನ್ನು ಕಾಯಿಲ್‌ನಿಂದ ಬಿಚ್ಚಿ ನೋಡಿ. ಈಗ ಹತ್ತಿದರೆ ಪಾಯಿಂಟಿನ ಕಡೆ ಎಲ್ಲೋ ಶಾರ್ಟ್ ಆಗಿದೆ. ಈಗಲೂ ಹತ್ತದಿದ್ದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಅಥವಾ ಕಾಯಿಲ್ ಒಳಗೆ ತುಂಡಾಗಿದೆ. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಬಿಚ್ಚಾಟ ಉಳಿಸುತ್ತದೆ.

ಕರೆಂಟ್ ಬಂದರೂ ಸಾಕಷ್ಟು ಬರುತ್ತಿದೆಯೇ ಎಂದು ತಿಳಿಯಲು ಪಾಯಿಂಟ್ ಕೂಡಿರುವಂತೆ ನಿಲ್ಲಿಸಿ, ಬ್ಯಾಟರಿ ಪ್ಲಸ್ ಮತ್ತು ಕಾಯಿಲ್ ಪ್ಲಸ್ ನಡುವೆ ಅಳೆಯಿರಿ. 0.3 ವೋಲ್ಟ್ ದಾಟಿದರೆ ಫ್ಯೂಸ್ ಹೋಲ್ಡರ್ ಅಥವಾ ಹೆಡ್‌ಲೈಟ್ ಡೂಮಿನೊಳಗಿನ ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ತಿಕ್ಕಿ. ಅಳೆದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಕೂಡಿದ್ದಾಗ ಎಂಜಿನ್ ನಿಂತಿದ್ದರೂ ಕಾಯಿಲ್‌ನಲ್ಲಿ ಮೂರ್ನಾಲ್ಕು ಆಂಪ್ ಹರಿಯುತ್ತಲೇ ಇರುತ್ತದೆ. ಕೀ ಮರೆತು ಊಟಕ್ಕೆ ಹೋದವರು ವಾಪಸ್ ಬರುವಷ್ಟರಲ್ಲಿ ಕಾಯಿಲ್ ಬೆಂದಿರುತ್ತದೆ.

ಹೊಸ ಪಾಯಿಂಟ್ ಸೆಟ್ ಹಾಕಿದ ಮೇಲೆ ಗಾಡಿ ಸತ್ತೇ ಹೋಯ್ತು. ಪಾಯಿಂಟೇ ಡೂಪ್ಲಿಕೇಟಾ?

ಇರಬಹುದು, ಆದರೆ ಮೊದಲು ಫೈಬರ್ ವಾಷರುಗಳನ್ನು ನೋಡಿ. ಪಾಯಿಂಟಿನ ಸ್ಪ್ರಿಂಗ್, ಕಂಡೆನ್ಸರ್ ವೈರ್, ಕಾಯಿಲ್‌ನಿಂದ ಬಂದ ವೈರ್, ಈ ಮೂರೂ ಒಂದಕ್ಕೊಂದು ತಾಗಿರಬೇಕು. ಆದರೆ ಅವು ಕೂತ ಸ್ಕ್ರೂಗೂ ಪ್ಲೇಟಿಗೂ ತಾಗಬಾರದು. ಒಂದು ವಾಷರ್ ಹಿಂದುಮುಂದಾದರೆ ಪಾಯಿಂಟ್ ಸದಾ ಕೂಡಿದಂತೆಯೇ ಲೆಕ್ಕ. ಇನ್ನೊಂದು, ಹೊಸ ಪಾಯಿಂಟಿನ ಮುಖಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದ ಚೂರನ್ನು ನಡುವೆ ಎಳೆದು ಒರೆಸಿ.

ಗ್ಯಾಪ್ 0.4 ಮಿ.ಮೀ., ಕ್ಯಾಮ್ (ಪಾಯಿಂಟನ್ನು ಬಿಡಿಸುವ ಉಬ್ಬು) ಪೂರ್ತಿ ಎತ್ತಿದ ಜಾಗದಲ್ಲಿ. ಗ್ಯಾಪ್ ಮೊದಲು, ಟೈಮಿಂಗ್ (ಸ್ಪಾರ್ಕ್ ಹಾರುವ ಗಳಿಗೆ) ಆಮೇಲೆ. ಗ್ಯಾಪ್ ಬದಲಾದರೆ ಪಾಯಿಂಟ್ ಬಿಡುವ ಗಳಿಗೆಯೂ ಬದಲಾಗುವುದರಿಂದ ಈ ಕ್ರಮ ತಪ್ಪಿದರೆ ಟೈಮಿಂಗ್ ಮತ್ತೆ ಮೊದಲಿಂದ. ಕ್ಯಾಮ್ ಮೇಲೆ ಕೂರುವ ಫೈಬರ್ ಹಿಮ್ಮಡಿಗೆ ಕಡ್ಡಿಯ ತುದಿಯಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಪಾಯಿಂಟಿಗೇ ಸಿಡಿಯುತ್ತದೆ.

ಕಂಡೆನ್ಸರ್ ಹೋಗಿದೆ ಅಂತ ಎಲ್ಲಾ ಮೆಕ್ಯಾನಿಕ್ಕೂ ಹೇಳ್ತಾರೆ. ನಾನೇ ನೋಡೋದು ಹೇಗೆ?

ಎಂಜಿನ್ ಓಡುವಾಗ ಪಾಯಿಂಟ್ ನಡುವೆ ನೋಡಿ. ಸೂಜಿಮೊನೆಯಂಥ ಸಣ್ಣ ಕಿಡಿ ಸಹಜ. ಉದ್ದನೆಯ ನೀಲಿ ಬಿಳಿ ಉರಿ ಚಟಪಟ ಎನ್ನುತ್ತಿದ್ದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಜೊತೆಗೆ ರೇಸ್ ಏರಿಸಿದರೆ ಮಿಸ್ಸಾಗುವುದು, ಸೈಲೆನ್ಸರ್ ಡಬ್ ಎನ್ನುವುದು, ಪಾಯಿಂಟ್ ವಾರದೊಳಗೆ ಕಪ್ಪಾಗುವುದು. ಇದರ ಅಳತೆ ಸುಮಾರು 0.2ರಿಂದ 0.3 ಮೈಕ್ರೋಫ್ಯಾರಡ್. ಮೀಟರಿನಲ್ಲಿ ಅಳೆದು ಸರಿ ಬಂದರೂ ಬಿಸಿಯಲ್ಲಿ ಕೈಕೊಡಬಹುದು, ಹಾಗಾಗಿ ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಹಳೆಯದರ ವೈರ್ ಕಳಚಿ, ಹೊಸದನ್ನು ಹೊರಗಡೆಯೇ ಕಾಯಿಲ್‌ನ ಪಾಯಿಂಟ್ ಟರ್ಮಿನಲ್ಲಿಗೆ ಕೊಟ್ಟು, ಅದರ ಡಬ್ಬಿಯನ್ನು ಎಂಜಿನ್ ಕೇಸಿಗೆ ಒತ್ತಿ ಹಿಡಿದರೆ ಸಾಕು.

ಚೆನ್ನಾಗಿ ಓಡುತ್ತೆ, ಇಪ್ಪತ್ತು ಮೂವತ್ತು ನಿಮಿಷಕ್ಕೆ ಆಫ್. ತಣ್ಣಗಾದ್ರೆ ಮತ್ತೆ ಸ್ಟಾರ್ಟ್. ಇದ್ಯಾವ ರೋಗ?

ನಿಂತ ಆ ಕ್ಷಣದಲ್ಲೇ ನೋಡಿದರೆ ಮಾತ್ರ ಸಿಗುವ ರೋಗ. ಟೂಲ್ ಬಾಕ್ಸಿನಲ್ಲಿ ಬೇರೊಂದು ಪ್ಲಗ್ ಇಟ್ಟುಕೊಂಡು ಹೋಗಿ. ಗಾಡಿ ನಿಂತ ಕೂಡಲೇ ಅದನ್ನು ಕ್ಯಾಪಿಗೆ ಸಿಕ್ಕಿಸಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ. ಸ್ಪಾರ್ಕ್ ದಪ್ಪಗೆ ನೀಲಿಯಾಗಿದ್ದರೆ ಕರೆಂಟನ್ನು ಬೈಯಬೇಡಿ, ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗಾಳಿತೂತು ಮುಚ್ಚಿದೆಯೇ ನೋಡಿ. ಸ್ಪಾರ್ಕ್ ಹಳದಿಯಾಗಿ ತೆಳುವಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ, ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಎರಡನೆಯದು ಕಾಯಿಲ್ ಮೇಲೆ. ಕಾಯಿಲ್ ಒಳಗಿನ ಕೂದಲೆಳೆಯಂಥ ತಂತಿಯ ನಿರೋಧಕ ಪದರ ಬಿಸಿಗೆ ಬಿರುಕು ಬಿಟ್ಟರೆ ಸುತ್ತುಗಳು ಒಂದಕ್ಕೊಂದು ಶಾರ್ಟಾಗುತ್ತವೆ, ತಣ್ಣಗಾದಾಗ ಮತ್ತೆ ಬಿಡಿಸಿಕೊಳ್ಳುತ್ತವೆ. ಹೈಟೆನ್ಷನ್ ಸುತ್ತಿನ ಓಮ್ಸ್ ಅನ್ನು ತಣ್ಣಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ಅಳೆಯಿರಿ. ತಾಮ್ರ ಬಿಸಿಯಾದರೆ ಓಮ್ಸ್ ತುಸು ಏರಬೇಕು. ಇಳಿದರೆ ಶಾರ್ಟು, ಮೀಟರ್ ಏನೂ ತೋರಿಸದಿದ್ದರೆ ತುಂಡು.

ಮಳೆ ಬಂದ್ರೆ ಸಾಕು, ಪಟಪಟ ಅಂದು ನಿಲ್ಲುತ್ತೆ.

ಮಲೆನಾಡಿನ ಗಾಡಿಗಳ ಮಾಮೂಲು ದೂರು. ಪ್ಲಗ್ ಕ್ಯಾಪ್ ಮತ್ತು ಹೈಟೆನ್ಷನ್ ವೈರ್ ಬದಲಿಸಿ. ಕತ್ತಲಲ್ಲಿ ಎಂಜಿನ್ ಓಡಿಸಿ ವೈರಿನ ಮೇಲೆ ನೀರು ಚಿಮುಕಿಸಿದರೆ ಕರೆಂಟ್ ಎಲ್ಲಿ ಸೋರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ. ಕ್ಯಾಪಿನ ಒಳಗೆ, ವೈರ್ ಕಾಯಿಲ್‌ಗೆ ಸೇರುವ ಕಡೆ ಸಿಲಿಕಾನ್ ಗ್ರೀಸ್ ತುಂಬಿ. ಬಲಗಡೆ ಕವರಿನ ಕೆಳಗೆ ನೀರು ಹೋದರೆ ಪಾಯಿಂಟೂ ಒದ್ದೆಯಾಗುತ್ತದೆ.

ಬ್ಯಾಟರಿ ಪೂರ್ತಿ ಡೌನ್. ತಳ್ಳಿ ಸ್ಟಾರ್ಟ್ ಮಾಡಬಹುದಾ? ಬ್ಯಾಟರಿ ಬಿಚ್ಚಿ ಓಡಿಸಬಹುದಾ?

ಇಳಿಜಾರಿದ್ದರೆ, ಎಲ್ಲ ಲೈಟ್ ಆಫ್ ಮಾಡಿ, ಎರಡನೇ ಗೇರಿನಲ್ಲಿ ತಳ್ಳಿದರೆ ಡೈನಮೋ ಎದ್ದು ಕಾಯಿಲ್‌ಗೆ ಸಾಕಷ್ಟು ಕರೆಂಟ್ ಕೊಡಬಹುದು. ಬ್ಯಾಟರಿ ಬಿಚ್ಚಿ ಓಡಿಸಬೇಡಿ. ವೋಲ್ಟ್ ಕುಣಿದಾಡಿ ಬಲ್ಬುಗಳು ಸಾಲಾಗಿ ಹೋಗುತ್ತವೆ, ಐಡ್ಲಿಂಗಿಗೆ ಬಂದರೆ ಎಂಜಿನ್ನೂ ಆಫ್.

## ಲೈಟು, ಹಾರ್ನು, ಫ್ಯೂಸು

ಹೆಡ್‌ಲೈಟ್ ಹಣತೆ ಥರ ಉರಿಯುತ್ತೆ. ಹೆಚ್ಚು ವ್ಯಾಟಿನ ಬಲ್ಬ್ ಹಾಕ್ಲಾ?

ಬೇಡ. ಹಾಕಿದರೆ ಇನ್ನೂ ಮಂಕಾಗುತ್ತದೆ. ಬಲ್ಬ್ ಉರಿಯುವಾಗಲೇ ಬ್ಯಾಟರಿಯ ಎರಡು ತುದಿಯಲ್ಲಿ ಒಮ್ಮೆ, ಬಲ್ಬ್ ಹೋಲ್ಡರಿನಲ್ಲಿ ಒಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ಮೀರಿದರೆ ಕಳ್ಳ ಎಲ್ಲಿದ್ದಾನೆಂದು ಹಂತಹಂತವಾಗಿ ಹುಡುಕಿ: ಕೀ ಸ್ವಿಚ್, ಡಿಮ್ ಡಿಪ್ ಸ್ವಿಚ್, ಬಲ್ಬ್ ಹೋಲ್ಡರ್. ಸಾಮಾನ್ಯವಾಗಿ ಸಿಕ್ಕಿಬೀಳುವವನು ಅರ್ತ್. ಹೆಡ್‌ಲೈಟಿನ ಕರೆಂಟು ಹ್ಯಾಂಡಲ್ ಬೇರಿಂಗಿನ ಗ್ರೀಸಿನ ಮೂಲಕ ಫ್ರೇಮಿಗೆ ಬರಬೇಕಾದ ಸ್ಥಿತಿಯಲ್ಲಿರುತ್ತದೆ. ಹೋಲ್ಡರಿನಿಂದ ಬ್ಯಾಟರಿ ಮೈನಸ್ಸಿಗೆ 1.5 ಚದರ ಮಿ.ಮೀ. ವೈರ್ ಬೇರೆಯಾಗಿ ಎಳೆದರೆ ಹಣತೆ ದೀಪವಾಗುತ್ತದೆ. ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಹೋಗಿದ್ದರೆ ಮಾತ್ರ ಯಾವ ವೈರಿಂಗೂ ಉಪಯೋಗಕ್ಕೆ ಬಾರದು.

ಹಾರ್ನ್ ಒತ್ತಿದ್ರೆ ಕೆಮ್ಮುತ್ತೆ.

ಬ್ಯಾಟರಿಯಿಂದ ಹಾರ್ನಿಗೆ ನೇರವಾಗಿ ಎರಡು ವೈರ್ ಕೊಡಿ. ಚೆನ್ನಾಗಿ ಕೂಗಿದರೆ ಬಟನ್ನಿನ ಕಾಂಟ್ಯಾಕ್ಟು, ಅದರ ಅರ್ತ್ ನೋಡಿ. ಆಗಲೂ ಕೆಮ್ಮಿದರೆ ಹಿಂಭಾಗದ ಸ್ಕ್ರೂವನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿನಷ್ಟು ಆಚೀಚೆ ತಿರುಗಿಸಿ ನೋಡಿ.

ಇಂಡಿಕೇಟರ್ ಹತ್ತಿ ಹಾಗೇ ನಿಲ್ಲುತ್ತೆ, ಮಿಣುಕಲ್ಲ.

ಹಳೆಯ ಬಿಸಿತಂತಿಯ ಫ್ಲ್ಯಾಶರ್ ಬಲ್ಬುಗಳು ಎಳೆಯುವ ಕರೆಂಟಿನಿಂದಲೇ ಬಿಸಿಯಾಗಿ ಮಿಣುಕಿಸುತ್ತದೆ. ಒಂದು ಬಲ್ಬ್ ಹೋಗಿದ್ದರೆ, ಕಡಿಮೆ ವ್ಯಾಟಿನದು ಹಾಕಿದ್ದರೆ, ಎಲ್‌ಇಡಿ ಹಾಕಿದ್ದರೆ ಅದಕ್ಕೆ ಬಿಸಿ ಸಾಲದು. ಫ್ಲ್ಯಾಶರ್ ಮೇಲೆ ಬರೆದಿರುವ ವ್ಯಾಟನ್ನೇ ಹಾಕಿ. ಎಲ್‌ಇಡಿ ಬೇಕೇ ಬೇಕೆಂದರೆ 6 ವೋಲ್ಟಿನ ಎಲೆಕ್ಟ್ರಾನಿಕ್ ಫ್ಲ್ಯಾಶರ್.

ಫ್ಯೂಸ್ ಹಾಕಿದ ತಕ್ಷಣ ಹೋಗುತ್ತೆ. ಸಿಗರೇಟಿನ ಬೇಗಡೆ ಸುತ್ತಿ ಓಡಿಸ್ತಿದ್ದೀನಿ.

ಬೇಗಡೆ ಸುತ್ತಿದ ದಿನದಿಂದ ಫ್ಯೂಸ್ ಕೆಲಸವನ್ನು ವೈರಿಂಗ್ ಮಾಡುತ್ತಿದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಈಗಲೇ ತೆಗೆಯಿರಿ. ಫ್ಯೂಸಿನ ಜಾಗಕ್ಕೆ 21 ವ್ಯಾಟ್ ಬಲ್ಬ್ ಸಿಕ್ಕಿಸಿ. ಕಾಯಿಲ್ ವೈರ್ ಬಿಚ್ಚಿಟ್ಟು, ಕೀ ಆಫ್ ಇರುವಾಗ ನೋಡಿ. ಬಲ್ಬ್ ಪ್ರಖರವಾಗಿ ಹತ್ತಿದರೆ ಶಾರ್ಟು ಕೀಗಿಂತ ಹಿಂದೆ ಇದೆ. ಇಲ್ಲದಿದ್ದರೆ ಕೀ ಆನ್ ಮಾಡಿ, ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕುತ್ತಾ ಹೋಗಿ. ಯಾವುದಕ್ಕೆ ಬಲ್ಬ್ ಪೂರ್ತಿ ಬೆಳಗಿತೋ ಆ ಸರ್ಕ್ಯೂಟಿನ ವೈರನ್ನು ಅಲುಗಾಡಿಸಿ, ಬಲ್ಬ್ ಆರಿದ ಜಾಗವೇ ಶಾರ್ಟಿನ ಜಾಗ. ಹ್ಯಾಂಡಲ್ ತಿರುಗುವ ಕಡೆ, ಸೀಟಿನ ಕೆಳಗೆ ನಜ್ಜಾದ ಕಡೆ, ಮಡ್‌ಗಾರ್ಡಿನ ತೂತು, ಇಲಿ ಕಡಿದ ಜಾಗ, ಹೆಚ್ಚಿನವು ಈ ನಾಲ್ಕರಲ್ಲೇ ಸಿಗುತ್ತವೆ. ಸರಿ ಮಾಡಿದ ಮೇಲೆ 15 ಆಂಪ್ ಫ್ಯೂಸ್.

## ಚಾರ್ಜಿಂಗ್

ರೇಸ್ ಕೊಟ್ರೂ ಚಾರ್ಜಿಂಗ್ ತೋರಿಸೋ ಕೆಂಪು ಲೈಟ್ ಆರಲ್ಲ. ಡೈನಮೋ ಹೋಯ್ತಾ, ಕಟೌಟ್ ಹೋಯ್ತಾ?

ಎರಡನ್ನೂ ಬೇರೆ ಮಾಡಿ ಕೇಳಿದರೆ ಅವೇ ಹೇಳುತ್ತವೆ. ಡೈನಮೋದಿಂದ ಕಟೌಟಿಗೆ ಬರುವ ಎರಡೂ ವೈರ್ ಬಿಚ್ಚಿ, ಒಂದು ಔಟ್‌ಪುಟ್, ಇನ್ನೊಂದು ಫೀಲ್ಡ್ (ಡೈನಮೋದೊಳಗೆ ಕಾಂತಶಕ್ತಿ ಹುಟ್ಟಿಸುವ ಸುತ್ತಿನದು). ಮೊದಲು ಫೀಲ್ಡಿನ ಒಳ ಜೋಡಣೆ ತಿಳಿಯಬೇಕು. ಕಾರ್ಬನ್ ಬ್ರಷ್‌ಗಳನ್ನು ಎತ್ತಿಟ್ಟು, ಫೀಲ್ಡ್ ಟರ್ಮಿನಲ್ಲಿನಿಂದ ಬಾಡಿಗೂ ಔಟ್‌ಪುಟ್ಟಿಗೂ ಓಮ್ಸ್ ನೋಡಿ. ಬಾಡಿಗೆ ಸಂಪರ್ಕ ತೋರಿಸಿದರೆ ಪರೀಕ್ಷೆಗೆ ಫೀಲ್ಡನ್ನು ಔಟ್‌ಪುಟ್ಟಿಗೆ ಸೇರಿಸಬೇಕು. ಔಟ್‌ಪುಟ್ಟಿಗೆ ತೋರಿಸಿದರೆ ಫೀಲ್ಡನ್ನು ಬಾಡಿಗೆ ಸೇರಿಸಬೇಕು. ಎರಡಕ್ಕೂ ತೋರಿಸದಿದ್ದರೆ ಫೀಲ್ಡ್ ಸುತ್ತು ತುಂಡು.

ಬ್ರಷ್ ವಾಪಸ್ ಕೂರಿಸಿ, ಹಾಗೆ ಸೇರಿಸಿದ ಮೇಲೆ ಔಟ್‌ಪುಟ್ಟಿಗೂ ಬಾಡಿಗೂ ನಡುವೆ 21 ವ್ಯಾಟ್ ಬಲ್ಬ್ ಸಿಕ್ಕಿಸಿ ಸ್ಟಾರ್ಟ್ ಮಾಡಿ. ಐಡ್ಲಿಂಗಿಗಿಂತ ತುಸು ಮೇಲೆ ಬಲ್ಬ್ ಪ್ರಖರವಾಗಿ ಹತ್ತಬೇಕು. ಐದು ಸೆಕೆಂಡು ಸಾಕು, ರೇಸ್ ಏರಿಸಬೇಡಿ. ಈಗ ಕಡಿವಾಣ ಹಾಕುವವರಿಲ್ಲ, ವೋಲ್ಟ್ ಏರುತ್ತಲೇ ಹೋಗುತ್ತದೆ. ಬಲ್ಬ್ ಹತ್ತಿದರೆ ಡೈನಮೋ ನಿರಪರಾಧಿ.

ಹತ್ತದಿದ್ದರೂ ರಿವೈಂಡಿಂಗ್ ಅಂಗಡಿಗೆ ಓಡಬೇಡಿ. ಬ್ರಷ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಬ್ರಷ್ಷನ್ನೇ ಒತ್ತಬೇಕು, ಗೂಡನ್ನಲ್ಲ. ಕಮ್ಯುಟೇಟರನ್ನು (ಬ್ರಷ್ ಉಜ್ಜುವ, ತಾಮ್ರದ ಪಟ್ಟಿಗಳ ಉರುಳೆ) ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಕರಕಲಾಗಿದ್ದರೆ ಮರಕ್ಕೆ ಉಜ್ಜುವ ನಯವಾದ ಗಾಜುಪುಡಿ ಕಾಗದ ಬಳಸಿ, ಎಮರಿ ಬೇಡ, ಅದರ ಪುಡಿ ಸಂದಿಗಳಲ್ಲಿ ಕೂತು ಶಾರ್ಟ್ ಮಾಡುತ್ತದೆ. ತಾಮ್ರದ ಪಟ್ಟಿಗಳ ನಡುವಿನ ಮೈಕಾ ಪಟ್ಟಿಗಿಂತ ಅರ್ಧ ಮಿ.ಮೀ. ತಗ್ಗಿನಲ್ಲಿರಬೇಕು. ಒಂದೇ ಪಟ್ಟಿ ಸುಟ್ಟಿದ್ದು ಉಳಿದವು ಚೆನ್ನಾಗಿದ್ದರೆ ಮಾತ್ರ ಆರ್ಮೇಚರಿನ (ಡೈನಮೋದೊಳಗೆ ತಿರುಗುವ ಭಾಗ) ಸುತ್ತು ಬಿಟ್ಟುಹೋಗಿದೆ, ಆಗ ರಿವೈಂಡಿಂಗ್.

ಕಮ್ಯುಟೇಟರ್ ಒರೆಸಿದಷ್ಟೂ ಎಣ್ಣೆಯಾಗುತ್ತಿದ್ದರೆ ಡೈನಮೋ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಅದೇ ಸೀಲಿನಿಂದ ಗಾಳಿ ಒಳಗೆ ಹೋಗಿ ಐಡ್ಲಿಂಗ್ ಏರುವುದೂ ಉಂಟು.

ಲೈಟ್ ಪೂರ್ತಿ ಆರುತ್ತೆ, ಆದ್ರೆ ಸ್ಪೀಡಲ್ಲಿ ಸಣ್ಣಗೆ ಕೆಂಪಗೆ ಕಾಣುತ್ತೆ. ಚಾರ್ಜ್ ಆಗ್ತಿದೆಯಾ?

ಆಗುತ್ತಿದೆ. ಕೆಂಪು ಬಲ್ಬಿನ ಒಂದು ತುದಿ ಕೀ ಕಡೆಗೆ, ಇನ್ನೊಂದು ಡೈನಮೋ ಔಟ್‌ಪುಟ್ಟಿಗೆ ಸೇರಿದೆ. ಎರಡೂ ಕಡೆ ಒಂದೇ ವೋಲ್ಟ್ ಇದ್ದರೆ ಅದು ಆರುತ್ತದೆ. ಮಿನುಗುತ್ತಿದೆ ಎಂದರೆ ನಡುವೆ ಎಲ್ಲೋ ವೋಲ್ಟ್ ಕಳೆಯುತ್ತಿದೆ: ಕಟೌಟ್ ಪಾಯಿಂಟ್, ಫ್ಯೂಸ್, ಕೀ. ಬ್ಯಾಟರಿ ಬಿಚ್ಚಿ, ಕಟೌಟ್ ಪಾಯಿಂಟ್ ನಡುವೆ ದಪ್ಪ ಕಾಗದ ಎಳೆದು ಒರೆಸಿ. ಸ್ಪ್ರಿಂಗ್ ಬಾಗಿಸುವುದು, ಸ್ಕ್ರೂ ತಿರುಗಿಸುವುದು ಕಡೆಯ ಮಾತು. ನಡು ರೇಸಿನಲ್ಲಿ ಬ್ಯಾಟರಿಯ ಮೇಲೆ 7.0ರಿಂದ 7.3 ವೋಲ್ಟ್ ಇದ್ದರೆ ಸೆಟ್ಟಿಂಗ್ ಮುಟ್ಟುವ ಅಗತ್ಯವೇ ಇಲ್ಲ.

ಗಾಡಿ ವರ್ಷಗಟ್ಟಲೆ ನಿಂತಿತ್ತು. ಎಲ್ಲಾ ಕ್ಲೀನ್ ಮಾಡಿದ್ರೂ ಡೈನಮೋ ಏಳ್ತಿಲ್ಲ.

ಡೈನಮೋದ ಕಬ್ಬಿಣದಲ್ಲಿ ಉಳಿದಿರುವ ಚೂರು ಕಾಂತಶಕ್ತಿಯಿಂದಲೇ ಅದು ಶುರುವಾಗಬೇಕು. ಅದು ಹೋಗಿರಬಹುದು, ತಿರುಗಿಕೊಂಡಿರಲೂಬಹುದು. ಎಲ್ಲ ವೈರ್ ಸೇರಿಸಿ, ಎಂಜಿನ್ ನಿಂತಿರುವಾಗ, ಕಟೌಟಿನ ಪಾಯಿಂಟನ್ನು ಬೆರಳಲ್ಲಿ ಒಂದೇ ಕ್ಷಣ ಒತ್ತಿ ಬಿಡಿ. ಬ್ಯಾಟರಿಯ ಕರೆಂಟು ಹರಿದು ಕಾಂತಶಕ್ತಿ ಸರಿ ದಿಕ್ಕಿಗೆ ಬರುತ್ತದೆ. ಬ್ಯಾಟರಿಯನ್ನು ಉಲ್ಟಾ ಕೂರಿಸಿದ್ದವರೂ ಸರಿಪಡಿಸಿದ ಮೇಲೆ ಇದನ್ನು ಮಾಡಬೇಕು.

ಗಾಡಿ ನಿಲ್ಲಿಸಿದ್ರೂ ಬ್ಯಾಟರಿ ಇಳಿಯುತ್ತೆ.

ಈ ಗಾಡಿಯಲ್ಲಿ ಗಡಿಯಾರವಿಲ್ಲ, ಅಲಾರಾಂ ಇಲ್ಲ, ಕೀ ಆಫ್ ಆದ ಮೇಲೆ ಹರಿಯಬೇಕಾದ ಕರೆಂಟು ಸೊನ್ನೆ. ಬ್ಯಾಟರಿ ವೈರ್ ಬಿಚ್ಚಿ ನಡುವೆ ಮೊದಲು 3 ವ್ಯಾಟ್ ಲ್ಯಾಂಪ್ ಹಾಕಿ. ಅದು ಹತ್ತದಿದ್ದರೆ ಮಾತ್ರ ಮೀಟರನ್ನು ಆಂಪಿಗೆ ಇಟ್ಟು ಸಿಕ್ಕಿಸಿ. 0.1 ಆಂಪ್ ಸೋರಿದರೂ 12 ಆಂಪ್ ಅವರ್ ಬ್ಯಾಟರಿ ಐದು ದಿನದಲ್ಲಿ ಬರಿದಾಗುತ್ತದೆ. ಬ್ಯಾಟರಿ ಮುಚ್ಚಳದ ಮೇಲಿನ ಆಸಿಡ್ ಪಸೆ, ಕಾಲಿನ ಬ್ರೇಕ್ ಲೈಟ್ ಸ್ವಿಚ್ ನೋಡಿ.

ಎಂಜಿನ್ ಆಫ್ ಮಾಡಿದ ಮೇಲೆ ಡೈನಮೋ ಬಿಸಿಯಾಗುತ್ತಿದ್ದರೆ ಅಥವಾ ಹೊಗೆ ಕಂಡರೆ ಕಟೌಟ್ ಪಾಯಿಂಟ್ ಅಂಟಿಕೊಂಡಿದೆ, ಬ್ಯಾಟರಿ ಡೈನಮೋವನ್ನು ಮೋಟರಿನಂತೆ ತಿರುಗಿಸಲು ಹೆಣಗುತ್ತಿದೆ. ಕೀ ತೆಗೆದರೂ ನಿಲ್ಲದು. ಬೇರೇನೂ ಯೋಚಿಸದೆ ಬ್ಯಾಟರಿ ವೈರ್ ಕಿತ್ತುಹಾಕಿ.

ಎಲ್ಲಾ ಸರಿಯಿದೆ, ಆದ್ರೂ ಜುಲೈನಲ್ಲಿ ಜಾವಾ, ಯೆಜ್ಡಿ ಗಾಡಿಯವರೆಲ್ಲ ಸೇರೋ ಜಾವಾ ದಿನದ ಮೆರವಣಿಗೆಯಲ್ಲಿ ಗಾಡಿ ನಿಂತುಬಿಡ್ತು.

ಲೆಕ್ಕ ಹಾಕಿ ನೋಡಿ. 45 ವ್ಯಾಟ್ ಡೈನಮೋ ಪೂರ್ತಿ ಎದ್ದಾಗ ಕೊಡುವುದು ಏಳೂವರೆ ಆಂಪ್. 35 ವ್ಯಾಟ್ ಹೆಡ್‌ಲೈಟ್, 5 ವ್ಯಾಟ್ ಟೈಲ್ ಲೈಟ್ ಸೇರಿ 40 ವ್ಯಾಟ್, ಅದರ ಮೇಲೆ ಕಾಯಿಲ್‌ಗೆ ಹತ್ತು ಹದಿನೈದು. ಪೂರ್ತಿ ವೇಗದಲ್ಲೂ ಸಾಲಸೋಲ. ಮೆರವಣಿಗೆಯ ನಡಿಗೆ ವೇಗದಲ್ಲಿ ಡೈನಮೋ ಏಳುವುದೇ ಇಲ್ಲ, ಪೂರ್ತಿ ಭಾರ ಬ್ಯಾಟರಿಯ ಮೇಲೆ, ಜೊತೆಗೆ ಎಲ್ಲರ ಹಾರ್ನು. ಹಗಲಲ್ಲಿ ಹೆಡ್‌ಲೈಟ್ ಆರಿಸಿ, ಕೆಳಗಿನ ಗೇರಿನಲ್ಲಿ ರೇಸ್ ಇಟ್ಟು ಓಡಿಸಿ. ಟೈಲ್ ಮತ್ತು ಮೀಟರಿನ ಬಲ್ಬಿಗೆ 6 ವೋಲ್ಟ್ ಎಲ್‌ಇಡಿ ಹಾಕಿದರೆ ಒಂದು ಆಂಪ್‌ನಷ್ಟು ಉಳಿಯುತ್ತದೆ.

12 ವೋಲ್ಟಿಗೆ ಬದಲಾಯಿಸಿದ್ರೆ ಈ ತಲೆನೋವೆಲ್ಲ ಹೋಗುತ್ತಾ?

ಅರ್ಧ ಹೋಗುತ್ತದೆ. ಅದೇ ಡೈನಮೋಗೆ 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರೆ ಅದು 12 ವೋಲ್ಟ್ ಕೊಡಬಲ್ಲದು, ಆಂಪ್ ಅಷ್ಟೇ ಇದ್ದು ವ್ಯಾಟ್ ಹೆಚ್ಚುತ್ತದೆ. ಬ್ಯಾಟರಿ, ಕಾಯಿಲ್, ಹಾರ್ನ್, ಫ್ಲ್ಯಾಶರ್ ಮತ್ತು ಎಲ್ಲ ಬಲ್ಬುಗಳನ್ನು ಒಟ್ಟಿಗೇ ಬದಲಿಸಬೇಕು. ಒಂದು 6 ವೋಲ್ಟ್ ಬಲ್ಬ್ ಮರೆತರೂ ಮಿಂಚಿ ಮಾಯವಾಗುತ್ತದೆ. ತೊಂದರೆ ಏನೆಂದರೆ, ಎರಡರಷ್ಟು ವೋಲ್ಟ್ ಹುಟ್ಟಬೇಕಾದ್ದರಿಂದ ಡೈನಮೋ ಚಾರ್ಜ್ ಶುರುಮಾಡುವ ವೇಗವೂ ಸುಮಾರು ಎರಡರಷ್ಟಾಗುತ್ತದೆ. ಹೆದ್ದಾರಿಯಲ್ಲಿ ಓಡಿಸುವವರಿಗೆ ಇದು ಲಾಭ, ಬೆಂಗಳೂರಿನ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಾಡುವವರಿಗೆ ನಷ್ಟ. ಬ್ರಷ್ ಸವೆದ, ಕಮ್ಯುಟೇಟರ್ ಕರಕಲಾದ ಡೈನಮೋ ಮೇಲೆ ಮಾತ್ರ ಈ ಪ್ರಯೋಗ ಬೇಡ. 6ರಲ್ಲಿ ಏಳದಿದ್ದದ್ದು 12ರಲ್ಲಿ ಏಳುವುದಿಲ್ಲ. ಬಿಚ್ಚಿದ ಹಳೆಯ ಕಟೌಟ್, ಕಾಯಿಲ್, ಹಾರ್ನನ್ನು ಗುಜರಿಗೆ ಹಾಕದೆ ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಎತ್ತಿಡಿ.